ಉಸಿರು ಒಳಗೆಳೆದರೆ ಬ್ಲೂಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮೌತ್ ಆರ್ಗನ್ನಿನಲ್ಲಿ ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ನುಡಿಸುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಮಾಟುಂಗಾದಿಂದ ಹಿಡಿದು ವಾಸ್ಕೋವರೆಗಿನ ಓದುಗರು ಬರೆದಿದ್ದಾರೆ. ಮೊದಲು ಒಂದು ಗುರುತು ಹೇಳಿಬಿಡುತ್ತೇವೆ: ‘4 ಎಳೆ’ ಎಂದರೆ ನಾಲ್ಕನೇ ತೂತಿನಿಂದ ಉಸಿರನ್ನು ಒಳಗೆಳೆಯುವುದು, ‘4 ಊದು’ ಎಂದರೆ ಅದೇ ತೂತಿಗೆ ಊದುವುದು. ಬೇರೆ ಹೇಳದಿದ್ದಲ್ಲಿ ಎಲ್ಲ ಲೆಕ್ಕವೂ ಸಿ ಕೀ ವಾದ್ಯದ್ದು, ಅಂದರೆ ಪೇಟಿಯ (ಹಾರ್ಮೋನಿಯಂನ) ಬಿಳಿ ಒಂದರದ್ದು.

ಪ್ರಶ್ನೆ: ನಮ್ಮ ತಂದೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಕೊಂಡ 24 ತೂತಿನ ಮೌತ್ ಆರ್ಗನ್ ಮನೆಯಲ್ಲಿದೆ. ಹಳೆಯ ಹಿಂದಿ ಹಾಡುಗಳೆಲ್ಲ ಅದರಲ್ಲಿ ಸೊಗಸಾಗಿ ಬರುತ್ತವೆ. ಅದರಲ್ಲೇ ಬ್ಲೂಸ್ ಕಲಿಯಬಹುದೇ? (ಡೊಂಬಿವಲಿ)

ಉತ್ತರ: ಬೇಡ. ಅದನ್ನು ಹಿಂದಿ ಹಾಡಿಗೇ ಇಟ್ಟುಕೊಳ್ಳಿ. ನಿಮ್ಮಲ್ಲಿರುವುದು ಟ್ರೆಮೊಲೊ. ಒಂದೊಂದು ಸ್ವರಕ್ಕೂ ಮೇಲೊಂದು ಕೆಳಗೊಂದು ರೀಡ್ (ಗಾಳಿಗೆ ಅಲುಗಿ ನಾದ ಕೊಡುವ ತೆಳು ಪಟ್ಟಿ) ಇಟ್ಟು, ಎರಡರ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಿಟ್ಟಿರುತ್ತಾರೆ. ಆ ಅಲೆಅಲೆಯಾದ ನಾದ ಬರುವುದು ಅದರಿಂದಲೇ. ಆದರೆ ಅಲ್ಲಿ ಊದುವ ರೀಡಿನ ಕೋಣೆಯೇ ಬೇರೆ, ಎಳೆಯುವ ರೀಡಿನ ಕೋಣೆಯೇ ಬೇರೆ. ಬ್ಲೂಸಿನ ಜೀವಾಳವಾದ ಬೆಂಡ್, ಅಂದರೆ ಸ್ವರವನ್ನು ಕೆಳಕ್ಕೆ ಬಾಗಿಸುವುದು, ಹುಟ್ಟಬೇಕಾದರೆ ಈ ಎರಡೂ ರೀಡ್‌ಗಳು ಒಂದೇ ಕೋಣೆಯಲ್ಲಿರಬೇಕು. 10 ತೂತು, 20 ರೀಡ್ ಇರುವ ಡಯಾಟೋನಿಕ್‌ನಲ್ಲಿ ಹಾಗಿರುತ್ತದೆ. ನುಡಿಸುವವರು ಅದನ್ನು ಹಾರ್ಪ್ ಎಂದೇ ಕರೆಯುತ್ತಾರೆ.

ಗುಂಡಿ ಒತ್ತಿ ನುಡಿಸುವ ಕ್ರೋಮ್ಯಾಟಿಕ್ ಬೇರೆಯೇ ವಾದ್ಯ. ಬ್ಲೂಸ್‌ನವರು ಅದನ್ನೂ ಬಳಸಿದ್ದಾರೆ, ಆದರೆ ಆರಂಭಕ್ಕೆ ಅದು ಬೇಡ.

ಕೊಳ್ಳುವುದಾದರೆ ಸಿ ಕೀಯದನ್ನೇ ಕೊಳ್ಳಿ. ಜರ್ಮನಿಯ ಟ್ರೋಸಿಂಗನ್‌ನಲ್ಲಿ 1857ರಲ್ಲಿ ಶುರುವಾದ ಹೋನರ್ ಕಂಪನಿಯ ಮರೀನ್ ಬ್ಯಾಂಡ್ 1896ರಿಂದ ಇದೆ. ಹಳೆಯ ಬ್ಲೂಸ್ ರೆಕಾರ್ಡುಗಳಲ್ಲಿ ಕೇಳುವುದು ಬಹುಮಟ್ಟಿಗೆ ಅದನ್ನೇ. ಆದರೆ ಅದರ ನಡುವಿನ ಚೌಕಟ್ಟು ಮರದ್ದು, ಮುಂಬಯಿ ಮಳೆಗಾಲಕ್ಕೆ ಹೇಳಿಸಿದ್ದಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ಸ್ಪೆಷಲ್ 20 ಅಥವಾ ಲೀ ಆಸ್ಕರ್ ತೆಗೆದುಕೊಂಡರೆ ತಲೆನೋವು ಕಡಿಮೆ. ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳಲ್ಲಿ ವಿಚಾರಿಸಿ. ಬಾಯಿಗಿಟ್ಟು ನೋಡಲು ಬಿಡುವುದಿಲ್ಲ, ಅದು ಸರಿಯೇ. ಅಂಗಡಿಯಲ್ಲಿ ಗಾಳಿತಿದಿ ಇದ್ದರೆ ಇಪ್ಪತ್ತೂ ರೀಡ್‌ಗಳನ್ನು ಒಂದೊಂದಾಗಿ ನುಡಿಸಿ ತೋರಿಸಲು ಹೇಳಿ. ತೀರಾ ಅಗ್ಗದವು ಎಲ್ಲೆಲ್ಲೋ ಗಾಳಿ ಸೋರುತ್ತವೆ. ಆಗ ನುಡಿಸುವವರು ಸೋರಿಕೆ ತುಂಬಲು ಜೋರಾಗಿ ಊದಲು ಕಲಿಯುತ್ತಾರೆ. ಆ ಚಟ ಬಿಡಿಸುವುದು ವಾದ್ಯ ಬದಲಿಸಿದಷ್ಟು ಸುಲಭವಲ್ಲ.

ಪ್ರಶ್ನೆ: ಭಜನಾ ಮಂಡಳಿಯಲ್ಲಿ ಪೇಟಿ ನುಡಿಸುತ್ತೇನೆ. ಹಾರ್ಪ್ ತೆಗೆದುಕೊಂಡೆ. ಸಿ ಹಾರ್ಪ್‌ನಲ್ಲಿ ಸಿ ಶ್ರುತಿಗೆ ನುಡಿಸಿದರೆ ಬ್ಯಾಂಡಿನ ಮೆರವಣಿಗೆಯಂತೆ ಕೇಳುತ್ತದೆ, ಬ್ಲೂಸಿನಂತೆ ಕೇಳುವುದಿಲ್ಲ. ತಪ್ಪೆಲ್ಲಿ? (ಮಾಟುಂಗಾ)

ಉತ್ತರ: ತಪ್ಪು ಷಡ್ಜದ ಜಾಗದಲ್ಲಿದೆ. ಪೇಟಿ ಬಲ್ಲ ನಿಮಗೆ ಇದು ಅರ್ಧ ಗಂಟೆಯ ಕೆಲಸ.

ಸಿ ಯನ್ನು ಸ ಎಂದುಕೊಂಡರೆ ಊದಿದಾಗ ಒಂದರಿಂದ ಹತ್ತರವರೆಗೆ ಸ ಗ ಪ, ಸ ಗ ಪ, ಸ ಗ ಪ, ಸ ಬರುತ್ತವೆ. ಎಳೆದಾಗ ರಿ ಪ ನಿ ರಿ ಮ ಧ ನಿ ರಿ ಮ ಧ. ಹತ್ತೊಂಬತ್ತನೇ ಶತಮಾನದ ಜರ್ಮನ್ ಹಾಡುಗಳಿಗೆ, ಮೆರವಣಿಗೆಯ ಧಾಟಿಗಳಿಗೆ ಹೇಳಿ ಮಾಡಿಸಿದ ಜೋಡಣೆ ಇದು. ಅಮೆರಿಕದ ದಕ್ಷಿಣದ ಕಪ್ಪು ಜನ ಇದನ್ನು ತಲೆಕೆಳಗು ಮಾಡಿದರು. ಸಿ ವಾದ್ಯದಲ್ಲಿ ಜಿ ಯನ್ನು, ಅಂದರೆ ಬಿಳಿ ಐದನ್ನು, ಷಡ್ಜ ಮಾಡಿಕೊಂಡರು. ಇದಕ್ಕೆ ಕ್ರಾಸ್ ಹಾರ್ಪ್ ಅಥವಾ ಸೆಕೆಂಡ್ ಪೊಸಿಷನ್ ಎಂದು ಹೆಸರು. ನಮ್ಮ ಮಾತಿನಲ್ಲಿ ಗ್ರಹಭೇದ: ಶಂಕರಾಭರಣದ ಪಂಚಮವನ್ನು ಷಡ್ಜ ಮಾಡಿದರೆ ಹರಿಕಾಂಭೋಜಿ ಸಿಗುವ ಹಾಗೆ, ಬಿಲಾವಲ್ ಥಾಟ್ ಖಮಾಜ್ ಆಗುವ ಹಾಗೆ. ಕೋಮಲ ನಿಷಾದ ತಾನಾಗಿ ಕೈಗೆ ಬರುತ್ತದೆ.

ಈಗ ಹೊಸ ಷಡ್ಜದಿಂದ ಹತ್ತಿ. 2 ಎಳೆ: ಸ. 3 ಎಳೆ, ಪೇಟಿಯ ಒಂದು ಮನೆಯಷ್ಟು (ಅರ್ಧ ಸ್ವರ) ಕೆಳಗೆ ಬಾಗಿಸಿ: ಕೋಮಲ ಗ. 4 ಊದು: ಮ. 4 ಎಳೆ, ಬಾಗಿಸಿ: ತೀವ್ರ ಮ. 4 ಎಳೆ, ನೇರವಾಗಿ: ಪ. 5 ಎಳೆ: ಕೋಮಲ ನಿ. 6 ಊದು: ತಾರ ಸ. ಬ್ಲೂಸ್ ಸ್ಕೇಲ್ ಎಂದರೆ ಇಷ್ಟೇ. ತೀವ್ರ ಮಧ್ಯಮ ತೆಗೆದರೆ ನಿಮಗೆ ಗೊತ್ತಿರುವ ಧಾನಿ, ಕರ್ನಾಟಕಿಯವರ ಶುದ್ಧ ಧನ್ಯಾಸಿ. ಆದರೆ ರಾಗವೆಂದು ಹೊರಟರೆ ಎಡವುತ್ತೀರಿ. ಇಲ್ಲಿ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಲ್ಲೋ ತೂಗಾಡುತ್ತದೆ. ಪೇಟಿಯಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ. ಹಾಗಾಗಿ ಪೇಟಿಯಲ್ಲಿ ಹುಡುಕಬೇಡಿ, ಒಳ್ಳೆಯ ಹಾಡುಗಾರರ ಮೀಂಡ್ ನೆನೆಸಿಕೊಳ್ಳಿ.

ಆವರ್ತ 12 ಬಾರ್, ಬಾರಿಗೆ ನಾಲ್ಕು ಮಾತ್ರೆ, ಒಟ್ಟು 48. ಮೊದಲ ನಾಲ್ಕು ಬಾರ್ ಷಡ್ಜದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ಆಮೇಲೆ ಎರಡು ಬಾರ್ ಮಧ್ಯಮದ್ದು, ಮತ್ತೆ ಎರಡು ಷಡ್ಜದ್ದು, ಒಂಬತ್ತನೆಯದು ಪಂಚಮದ್ದು, ಹತ್ತನೆಯದು ಮಧ್ಯಮದ್ದು, ಕೊನೆಯ ಎರಡು ಷಡ್ಜಕ್ಕೆ ವಾಪಸು. ಷಡ್ಜದ ಕಾರ್ಡ್ ಬೇಕೆಂದರೆ 1ರಿಂದ 4ರವರೆಗೆ ಒಟ್ಟಿಗೆ ಎಳೆಯಿರಿ. ಮಧ್ಯಮದ್ದಕ್ಕೆ ಅವನ್ನೇ ಊದಿ. ಪಂಚಮದ ಕಾರ್ಡ್ ಈ ವಾದ್ಯದಲ್ಲಿ ಪೂರ್ತಿ ಸಿಗುವುದಿಲ್ಲ. 1 ಮತ್ತು 4 ಎಳೆದು, ನಡುವಿನ ಎರಡನ್ನು ನಾಲಗೆಯಿಂದ ಮುಚ್ಚಿ ಎರಡು ಸ್ಥಾಯಿಯ ಒಂದೇ ಸ್ವರ ಹಿಡಿಯುವುದು ರೂಢಿ. ಲಯ ತಿಶ್ರ ನಡೆಯದು: ಮಾತ್ರೆಯನ್ನು ಮೂರಾಗಿ ಒಡೆದು ನಡುವಿನ ಭಾಗಕ್ಕೆ ಸುಮ್ಮನಿದ್ದರೆ ಷಫಲ್ ಆಯಿತು. ಮಂಡಳಿಯ ತಬಲದವರಿಗೆ ಹೇಳಿ, ಒಂದೇ ಸಲಕ್ಕೆ ಹಿಡಿಯುತ್ತಾರೆ.

ಪ್ರಶ್ನೆ: ಮೂರು ತಿಂಗಳಾಯಿತು. 2 ಎಳೆದರೆ ಸ್ವರ ಉಸಿರುಗಟ್ಟಿದಂತೆ ಬರುತ್ತದೆ. ಬೆಂಡ್ ಅಂತೂ ಬರುವುದೇ ಇಲ್ಲ. ವಾದ್ಯ ಕೆಟ್ಟಿದೆಯೇ? (ಕೋಥ್ರೂಡ್, ಪುಣೆ)

ಉತ್ತರ: ಕೆಟ್ಟಿಲ್ಲ. ಬೇಡವಾದಲ್ಲಿ ಬಾಗಿಸುತ್ತಿದ್ದೀರಿ, ಬೇಕಾದಲ್ಲಿ ಬಾಗಿಸುತ್ತಿಲ್ಲ, ಅಷ್ಟೇ. 2 ಎಳೆ ಹೊಸಬರೆಲ್ಲರಿಗೂ ಕಾಟ ಕೊಡುತ್ತದೆ. ತುಟಿ ಬಿಗಿದು, ನಾಲಗೆ ಹಿಂದಕ್ಕೆ ಸರಿದು, ಜೋರಾಗಿ ಎಳೆದಾಗ ಸ್ವರ ಅರೆಬರೆ ಬಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಪರೀಕ್ಷೆ ಸುಲಭ: 1, 2, 3 ಮೂರನ್ನೂ ಬಾಯಿ ಅಗಲಿಸಿ ಒಟ್ಟಿಗೆ ಎಳೆಯಿರಿ. ಉಸಿರು ನಿಲ್ಲಿಸದೆ, ಒಳಗೆ ಆಕಳಿಕೆಯ ಆಕಾರ ಕೆಡಿಸದೆ, ತುಟಿಯನ್ನಷ್ಟೇ ಕಿರಿದು ಮಾಡುತ್ತ 2ಕ್ಕೆ ಬನ್ನಿ. ಸ್ವರ ತಿಳಿಯಾಗಿ ಉಳಿದರೆ ವಾದ್ಯ ಸರಿಯಿದೆ. ಇನ್ನೊಂದು ಸಾಕ್ಷಿ: 2 ಎಳೆ ಮತ್ತು 3 ಊದು ಎರಡೂ ಒಂದೇ ಜಿ. ಎರಡರ ಶ್ರುತಿ ಕೂಡಬೇಕು.

ಬೆಂಡ್ ಹೇಗೆ ಆಗುತ್ತದೆ ಎಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. 4ನೇ ಕೋಣೆಯಲ್ಲಿ ಎಳೆಯುವ ರೀಡ್ ಡಿ, ಊದುವ ರೀಡ್ ಸಿ. ಡಿ ಎಳೆಯುತ್ತಿರುವಾಗಲೇ ಬಾಯೊಳಗಿನ ಜಾಗವನ್ನು ದೊಡ್ಡದು ಮಾಡಿದರೆ ಸುಮ್ಮನಿದ್ದ ಸಿ ರೀಡೂ ಅಲುಗತೊಡಗುತ್ತದೆ. ಎರಡೂ ಸೇರಿ ಸ್ವರವನ್ನು ಕೆಳಗಿಳಿಸುತ್ತವೆ. ಆದ್ದರಿಂದ ಎರಡು ರೀಡ್‌ಗಳ ನಡುವೆ ಪೇಟಿಯಲ್ಲಿ ಎಷ್ಟು ಮನೆಗಳಿವೆಯೋ ಅಷ್ಟೇ ಬೆಂಡ್. 1, 4, 6ರಲ್ಲಿ ಒಂದೊಂದು. 2ರಲ್ಲಿ ಎರಡು. 3ರಲ್ಲಿ ಮೂರು. 5ರಲ್ಲಿ ಎಫ್‌ಗೂ ಇ ಗೂ ನಡುವೆ ಮನೆಯೇ ಇಲ್ಲ, ಅಲ್ಲಿ ಪೂರ್ತಿ ಬೆಂಡ್‌ಗೆ ಹೆಣಗಿ ರೀಡ್ ಹಾಳುಮಾಡಬೇಡಿ. ಮೇಲಿನ 8, 9, 10ರಲ್ಲಿ ಊದುವ ಸ್ವರವೇ ಎತ್ತರದ್ದು, ಹಾಗಾಗಿ ಅಲ್ಲಿ ಊದಿ ಬಾಗಿಸಬೇಕು.

ಶುರುವಾತು 4 ಎಳೆಯಿಂದ ಮಾಡಿ. ಉಸಿರು ಎಳೆಯುತ್ತಲೇ ಬಾಯೊಳಗೆ ‘ಈ’ ಇಂದ ‘ಊ’ಗೆ ಬನ್ನಿ. ತುಟಿ ಕದಲಬಾರದು, ನಾಲಗೆಯ ಹಿಂಭಾಗ ಮಾತ್ರ ಹಿಂದಕ್ಕೂ ಕೆಳಕ್ಕೂ ಸರಿಯಬೇಕು. ಫೋನಿನಲ್ಲಿ ಟ್ಯೂನರ್ ಇಟ್ಟುಕೊಳ್ಳಿ: ಡಿ ಇದ್ದದ್ದು ಸಿ ಶಾರ್ಪ್‌ಗೆ ಇಳಿದರೆ ಬೆಂಡ್ ಸಿಕ್ಕಿತು. ಸಿಗದಿದ್ದರೆ ಜನ ಮಾಡುವ ಮೊದಲ ಕೆಲಸ ಜೋರಾಗಿ ಎಳೆಯುವುದು. ಅದರಿಂದ ರೀಡ್ ದಣಿಯುತ್ತದೆ, ಸ್ವರ ಬಾಗುವುದಿಲ್ಲ. ಪಿಸುಮಾತಿನಷ್ಟು ಉಸಿರಲ್ಲಿ ಬಾಗಿದರೆ ಮಾತ್ರ ಕಲಿತಂತೆ. 3 ಎಳೆಯ ಮೂರು ಮೆಟ್ಟಿಲುಗಳನ್ನು ಬೇರೆ ಬೇರೆಯಾಗಿ, ಶ್ರುತಿಶುದ್ಧವಾಗಿ ನಿಲ್ಲಿಸಲು ವರ್ಷ ಬೇಕಾಗಬಹುದು. ಬೇಸರಪಡಬೇಡಿ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 15 ನಿಮಿಷ ಸಾಕು. ತಲೆ ತಿರುಗಿದರೆ ನಿಲ್ಲಿಸಿ, ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಆಡಿಸುತ್ತಿದ್ದೀರಿ ಎಂದರ್ಥ.

ಪ್ರಶ್ನೆ: ಹಾರ್ಪ್ ವಾದಕ ಸನ್ನಿ ಬಾಯ್ ವಿಲಿಯಮ್ಸನ್ 1948ರಲ್ಲಿ ಕೊಲೆಯಾದ ಎಂದು ಒಂದು ಕಡೆ ಓದಿದೆ. ಆದರೆ 1963ರ ಯುರೋಪ್ ಪ್ರವಾಸದಲ್ಲೂ ಅದೇ ಹೆಸರು ಕಂಡಿತು. (ಬೋರಿವಲಿ)

ಉತ್ತರ: ಇಬ್ಬರು. ಮೊದಲನೆಯವನು ಟೆನೆಸ್ಸೀ ರಾಜ್ಯದ ಜಾನ್ ಲೀ ಕರ್ಟಿಸ್ ವಿಲಿಯಮ್ಸನ್, ಹುಟ್ಟಿದ್ದು 1914. ಹಾಡುಗಾರನ ಪಕ್ಕದಲ್ಲಿ ಕೂರುತ್ತಿದ್ದ ಹಾರ್ಪ್ ಅನ್ನು 1937ರಿಂದ ತನ್ನ ರೆಕಾರ್ಡುಗಳಲ್ಲಿ ಮುಂದಕ್ಕೆ ತಂದವನು. 1948ರ ಜೂನ್ 1ರಂದು ಶಿಕಾಗೋದಲ್ಲಿ ಕಾರ್ಯಕ್ರಮ ಮುಗಿಸಿ ಮನೆಗೆ ಹೋಗುವಾಗ ಹಲ್ಲೆಗೆ ಬಲಿಯಾದ. ಎರಡನೆಯವನು ಮಿಸಿಸಿಪ್ಪಿಯ ರೈಸ್ ಮಿಲ್ಲರ್. ವಯಸ್ಸಿನಲ್ಲಿ ಮೊದಲನೆಯವನಿಗಿಂತ ಹಿರಿಯ ಎಂದೇ ಹೇಳುತ್ತಾರೆ. 1941ರಲ್ಲಿ ಆರ್ಕಾನ್ಸಾದ ಹೆಲೆನಾ ಊರಿನ ರೇಡಿಯೋದಲ್ಲಿ ಹಿಟ್ಟಿನ ಕಂಪನಿಯೊಂದು ನಡೆಸಿದ ಕಿಂಗ್ ಬಿಸ್ಕೆಟ್ ಟೈಮ್ ಕಾರ್ಯಕ್ರಮದಲ್ಲಿ ಆ ಜನಪ್ರಿಯ ಹೆಸರನ್ನೇ ಇಟ್ಟುಕೊಂಡ. ಅಸಲಿ ಆಸಾಮಿ ಆಗ ಜೀವಂತವಾಗಿದ್ದ! ಮಿಲ್ಲರ್ ರೆಕಾರ್ಡ್ ಮಾಡತೊಡಗಿದ್ದು 1951ರಲ್ಲಿ. 1965ರ ಮೇ ತಿಂಗಳಲ್ಲಿ ಹೆಲೆನಾದಲ್ಲೇ ತೀರಿಕೊಂಡ.

ಕಿವಿಯಿಂದಲೂ ಬೇರ್ಪಡಿಸಬಹುದು. ಮೊದಲನೆಯವನದು ಮಾತಿನ ನಡುವೆ ತುಂಡು ತುಂಡಾಗಿ ಉತ್ತರ ಕೊಡುವ ನುಡಿಸಾಣಿಕೆ. ಮಿಲ್ಲರ್ ಅಂಗೈಯನ್ನು ತೆರೆದು ಮುಚ್ಚಿ ಸ್ವರವನ್ನು ಅಳಿಸುತ್ತಾನೆ, ನಗಿಸುತ್ತಾನೆ. ಸ್ವರಗಳ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದು ಅವನಿಗೆ ಗೊತ್ತಿದ್ದಷ್ಟು ಇನ್ನೊಬ್ಬನಿಗೆ ಗೊತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಲಿಟ್ಲ್ ವಾಲ್ಟರ್‌ನ ಹಾರ್ಪ್ ಸ್ಯಾಕ್ಸೊಫೋನಿನಂತೆ ಕೇಳುತ್ತದೆ. ನನ್ನದು ಪಬ್‌ನ ಮೈಕಿನಲ್ಲಿ ಪೀಪಿಯಂತೆ ಕೇಳುತ್ತದೆ, ಜೋರು ಮಾಡಿದರೆ ಕಿರ್ರೆಂದು ಕೂಗುತ್ತದೆ. (ಅಂಧೇರಿ)

ಉತ್ತರ: ಮೊದಲು ಅವನ ಕಥೆ, ಏಕೆಂದರೆ ಆ ನಾದ ಅಲ್ಲಿಂದಲೇ ಬಂದದ್ದು. ಮೇರಿಯನ್ ವಾಲ್ಟರ್ ಜೇಕಬ್ಸ್ ಲೂಸಿಯಾನಾದ ಮಾರ್ಕ್ಸ್‌ವಿಲ್‌ನವನು, 1930ರಲ್ಲಿ ಹುಟ್ಟಿದ. ಹದಿಹರೆಯದಲ್ಲೇ ಶಿಕಾಗೋ ಸೇರಿ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯ ಬೀದಿಯಲ್ಲಿ ನುಡಿಸಿದ, ಆಮೇಲೆ ಬ್ಲೂಸ್ ಹಾಡುಗಾರ, ಗಿಟಾರಿಸ್ಟ್ ಮಡ್ಡಿ ವಾಟರ್ಸ್‌ನ ಬ್ಯಾಂಡಿಗೆ ಬಂದ. ಎಲೆಕ್ಟ್ರಿಕ್ ಗಿಟಾರಿನ ಮುಂದೆ ಹಾರ್ಪ್ ಕೇಳಿಸುತ್ತಲೇ ಇರಲಿಲ್ಲ. ಸಾದಾ ಮೈಕನ್ನು ಹಾರ್ಪಿನ ಜೊತೆಗೇ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದು ಆಂಪ್ಲಿಫೈಯರಿಗೆ ಕೊಟ್ಟ. ನಾದ ಒಡೆದು ದಪ್ಪವಾಯಿತು. ಇತರರು ಆ ಒಡಕನ್ನು ದೋಷವೆಂದು ಬಿಡುತ್ತಿದ್ದರು, ಇವನು ಅದರಲ್ಲೇ ಹೊಸ ವಾದ್ಯ ಕಂಡ. 1952ರ ಮೇ 12ರಂದು ‘ಜೂಕ್’ ಎಂಬ ಹಾಡಿಲ್ಲದ ತುಣುಕನ್ನು ರೆಕಾರ್ಡ್ ಮಾಡಿದ. ಅದು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಬ್ಯಾಂಡ್ ಪ್ರವಾಸದಲ್ಲಿರುವಾಗಲೇ ಬಿಟ್ಟು ಹೊರಟ. ಶಿಕಾಗೋಗೆ ಬಂದು ಇನ್ನೊಬ್ಬ ಹಾರ್ಪ್ ವಾದಕ ಜೂನಿಯರ್ ವೆಲ್ಸ್ ಜೊತೆ ನುಡಿಸುತ್ತಿದ್ದ ತಂಡವನ್ನು ತನ್ನದಾಗಿಸಿಕೊಂಡ. ವೆಲ್ಸ್ ಮಡ್ಡಿಯ ಬಳಿ ಇವನ ಜಾಗಕ್ಕೆ ಹೋದ. 1955ರಲ್ಲಿ ಮತ್ತೊಮ್ಮೆ ಪಟ್ಟಿಯ ತುದಿ ಮುಟ್ಟಿದ. ಆಮೇಲೆ ಕುಡಿತ, ಹೊಡೆದಾಟ, ಇಳಿಯುತ್ತ ಹೋದ ಅವಕಾಶ. 1968ರ ಫೆಬ್ರವರಿಯಲ್ಲಿ, ಜಗಳವೊಂದರ ಬೆನ್ನಿಗೆ, ಸತ್ತಾಗ ವಯಸ್ಸು 37.

ಈಗ ನಿಮ್ಮ ಮೈಕು. ಮೈಕಿಗೂ ಹಾರ್ಪಿಗೂ ಸಂದು ಇದ್ದರೆ ಪೀಪಿಯೇ ಕೇಳುವುದು. ಹಾರ್ಪ್ ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಇರಲಿ, ಮೈಕು ಅದರ ಹಿಂದೆ ಅಂಗೈಯಲ್ಲಿ ಕೂರಲಿ, ಬಲಗೈ ಸುತ್ತಿಕೊಂಡು ಉಳಿದ ಸಂದುಗಳನ್ನು ಮುಚ್ಚಲಿ. ಗಾಳಿ ಹೊರಗೆ ಹೋಗದಷ್ಟು ಮುಚ್ಚಿದಾಗ ಕೀರಲು ಭಾಗ ಅಳಿದು ದಪ್ಪ ಭಾಗ ಉಳಿಯುತ್ತದೆ. ಹಾಡುಗಾರರು ಬಳಸುವ ಎಸ್‌ಎಂ58 ಮೈಕು ನಡೆಯುತ್ತದೆ. ಆದರೆ ಅದನ್ನು ಗಿಟಾರ್ ಆಂಪ್‌ಗೆ ನೇರ ಚುಚ್ಚಬೇಡಿ, ಅದು ಲೋ ಇಂಪೀಡನ್ಸ್ ಮೈಕು, ನಡುವೆ ಹೊಂದಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಶೂರ್‌ನ ಗ್ರೀನ್ ಬುಲೆಟ್‌ನಂಥ ದುಂಡು ಮೈಕುಗಳಿಗೆ ಅದು ಬೇಕಿಲ್ಲ. ಆಂಪ್ ಸಣ್ಣ ವಾಲ್ವ್ ಆಂಪ್ ಆದಷ್ಟು ಒಳ್ಳೆಯದು, 5 ವಾಟ್ ಇದ್ದರೂ ಅದರ ಮುಂದೆ ಪಬ್ಬಿನ ಮೈಕಿಟ್ಟು ದೊಡ್ಡದು ಮಾಡಬಹುದು. ಬಾಸ್ ಹೆಚ್ಚಿಗೆ, ಟ್ರೆಬಲ್ ಮೂರರ ಆಸುಪಾಸು, ವಾಲ್ಯೂಮ್ ಎರಡರಿಂದ ಮೇಲಕ್ಕೆ ನಿಧಾನ. ಕಿರ್ರೆಂದಿತೋ, ಮೊದಲು ಟ್ರೆಬಲ್ ಇಳಿಸಿ, ಆಂಪಿನ ಎದುರಿನಿಂದ ಪಕ್ಕಕ್ಕೆ ಸರಿಯಿರಿ, ಆಮೇಲೆ ವಾಲ್ಯೂಮ್ ಮುಟ್ಟಿ. ಇನ್ನೂ ನಿಲ್ಲದಿದ್ದರೆ ಮೊದಲ 12ಎಎಕ್ಸ್7 ವಾಲ್ವ್ ತೆಗೆದು 12ಎಯು7 ಹಾಕಿಸಬಹುದು. ಮೊದಲನೆಯದರ ವರ್ಧನ ಅಂಶ 100, ಎರಡನೆಯದರದು 20ರಷ್ಟು. ವಾಲ್ವ್ ಆಂಪ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತದೆ, ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಮೈಕಿಲ್ಲದೆ ದಪ್ಪ ಬಾರದವರಿಗೆ ಆಂಪೂ ದಪ್ಪ ತಂದುಕೊಡುವುದಿಲ್ಲ. ವಾಲ್ಟರ್ ನುಡಿಸುತ್ತಿದ್ದದ್ದು ನಾಲ್ಕು ತೂತು ಬಾಯಿಗಿಟ್ಟು, ಮೂರನ್ನು ನಾಲಗೆಯಿಂದ ಮುಚ್ಚಿ. ನಾಲಗೆ ಎತ್ತಿ ಹೊಡೆದಾಗ ಬರುವ ಪೆಟ್ಟು ತುಟಿ ಚೂಪು ಮಾಡಿ ನುಡಿಸುವವರಿಗೆ ಬರದು.

ಪ್ರಶ್ನೆ: ಮಗ ಬಿ.ಕಾಂ. ಮುಗಿಸಿದ್ದಾನೆ. ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳುತ್ತೇನೆ ಅನ್ನುತ್ತಾನೆ. ನೀವೇ ಬುದ್ಧಿ ಹೇಳಿ. (ಠಾಣೆಯ ತಾಯಿಯೊಬ್ಬರು)

ಉತ್ತರ: ಅಮ್ಮಾ, ಬೇಡವೆನ್ನುವುದಿಲ್ಲ, ಲೆಕ್ಕ ಹೇಳುತ್ತೇವೆ. ಹಾರ್ಪ್ ವಾದಕ ಚಾರ್ಲಿ ಮಸಲ್‌ವೈಟ್ ಶಿಕಾಗೋಗೆ ಬಂದ ಹೊಸತರಲ್ಲಿ ಕೀಟನಾಶಕ ಸಿಂಪಡಿಸುವವರ ಗಾಡಿ ಓಡಿಸುತ್ತಿದ್ದ. 2014ರ ಜನವರಿ 26ರಂದು ಗ್ರ್ಯಾಮಿ ಕೈಗೆ ಬಂದಾಗ ಅವನಿಗೆ ಎಪ್ಪತ್ತು ತುಂಬಲು ಐದು ದಿನ ಬಾಕಿ. ಇನ್ನೊಬ್ಬ ಹಾರ್ಪ್ ವಾದಕ ಜೇಮ್ಸ್ ಕಾಟನ್ ಮಡ್ಡಿ ವಾಟರ್ಸ್ ಬಳಿ ಸುಮಾರು ಹನ್ನೆರಡು ವರ್ಷ ನುಡಿಸಿದ ಮೇಲೆ 1966ರಲ್ಲಿ ಸ್ವಂತ ಬ್ಯಾಂಡ್ ಕಟ್ಟಿದ. 1990ರ ದಶಕದಲ್ಲಿ ಗಂಟಲ ಕ್ಯಾನ್ಸರ್ ಬಂದು ಹಾಡುವ ದನಿ ಹೋಯಿತು, ಹಾರ್ಪ್ ಮಾತ್ರ ಬಿಡಲಿಲ್ಲ. ಇದು ನಿಧಾನದ ದಾರಿ.

ಮುಂಬಯಿಯಲ್ಲಿ 2011ರಿಂದ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ಮಹೀಂದ್ರ ಬ್ಲೂಸ್ ಉತ್ಸವ ನಡೆದು ಒಂದಿಷ್ಟು ಕೇಳುಗರು ಹುಟ್ಟಿದ್ದಾರೆ. ಆದರೆ ಬರೀ ಬ್ಲೂಸ್‌ನಿಂದ ಬಾಡಿಗೆ ಕಟ್ಟುವುದು ಕಷ್ಟ. ಮಗ ಕ್ರೋಮ್ಯಾಟಿಕ್ ಕೂಡ ಕಲಿಯಲಿ, ರೆಕಾರ್ಡಿಂಗ್ ಕೆಲಸಕ್ಕೆ ಅದು ಬೇಕು. ಸ್ಟಾಫ್ ನೊಟೇಶನ್ ಓದಲು ಬರಲಿ. ನಾಲ್ಕು ಮಕ್ಕಳಿಗೆ ಪಾಠ ಹೇಳಲಿ. ಕಾರ್ಯಕ್ರಮದ ಹಣ, ಸಮಯ, ಹೋಗಿಬರುವ ಖರ್ಚು ವಾಟ್ಸಾಪ್‌ನಲ್ಲಾದರೂ ಸರಿ, ಬರಹದಲ್ಲಿ ಇರಲಿ. ಬಿ.ಕಾಂ. ವ್ಯರ್ಥವಾಗುವುದಿಲ್ಲ, ಬ್ಯಾಂಡಿನಲ್ಲಿ ಲೆಕ್ಕ ಬರೆಯುವವರೇ ಇರುವುದಿಲ್ಲ.

ಪ್ರಶ್ನೆ: ಸಮುದ್ರದ ಪಕ್ಕ ಮನೆ. ಮಳೆಗಾಲದಲ್ಲಿ ಮರೀನ್ ಬ್ಯಾಂಡ್ ತುಟಿ ಕೊಯ್ಯುತ್ತದೆ. ಸ್ಪೆಷಲ್ 20ರಲ್ಲಿ 4 ಎಳೆ ಬೇಸುರ, 7 ಊದು ಮೂಕ. (ವಾಸ್ಕೋ)

ಉತ್ತರ: ತುಟಿ ಕೊಯ್ಯುವುದು ಮರ ಉಬ್ಬಿ ಚೌಕಟ್ಟಿನ ಹಲ್ಲುಗಳು ಮುಂದೆ ಬಂದಿರುವುದರಿಂದ. ಎಣ್ಣೆ ಹಚ್ಚಬೇಡಿ, ಜಿಡ್ಡು ರೀಡಿಗಿಳಿಯುತ್ತದೆ. ಒಣಗಿದಾಗ ಹಿಂದೆ ಸರಿಯುತ್ತವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ವಿಶ್ರಾಂತಿಗೆ ಬಿಡಿ. ನುಡಿಸಿದ ಮೇಲೆ ತೂತುಗಳನ್ನು ಕೆಳಮುಖ ಮಾಡಿ ಅಂಗೈಗೆ ಹತ್ತು ಸಲ ತಟ್ಟಿ, ಡಬ್ಬಿ ತೆರೆದಿಟ್ಟು ಅರ್ಧ ಗಂಟೆ ಆರಲು ಬಿಡಿ. ಆಮೇಲೆ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಒದ್ದೆಯಾಗಿ ಮುಚ್ಚಿದರೆ ಉಪ್ಪುಗಾಳಿಗೆ ಹಿತ್ತಾಳೆ ಹಸಿರುಗಟ್ಟುತ್ತದೆ. ವಡಾಪಾವ್ ತಿಂದ ಬಾಯಲ್ಲಿ ನುಡಿಸುವವರ ವಾದ್ಯ ಬಿಚ್ಚಿದರೆ ಏನೇನು ಸಿಗುತ್ತದೆಂದು ಇಲ್ಲಿ ಬರೆಯುವುದು ಬೇಡ. ಬಾಯಿ ಮುಕ್ಕಳಿಸಿ ಕೂರಿ.

7 ಊದು ಮೂಕವಾಗಿರುವುದು ಕಸದಿಂದ ಇರಬೇಕು. ಮೊದಲು ವಾದ್ಯವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಲುಗಿಸಿ ತೊಳೆಯಿರಿ, ತಟ್ಟಿ, ಆರಿಸಿ. (ಮರದ್ದನ್ನು ಹೀಗೆ ತೊಳೆಯಬೇಡಿ.) ಆಗದಿದ್ದರೆ ಎರಡು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ, ಸ್ಕ್ರೂಗಳು ಬಟ್ಟಲಿನಲ್ಲಿರಲಿ. ಊದುವ ರೀಡ್‌ಗಳು ಮೇಲಿನ ಪ್ಲೇಟಿನ ಒಳಮುಖಕ್ಕಿವೆ, ಆದ್ದರಿಂದ ಆ ಪ್ಲೇಟನ್ನೂ ಬಿಚ್ಚಬೇಕು. ತೆಳುವಾದ ಕಾಗದದ ಚೂರನ್ನು ರೀಡಿನ ಕೆಳಗೆ ತೂರಿಸಿ, ರಿವೆಟ್ (ರೀಡನ್ನು ಪ್ಲೇಟಿಗೆ ಕಚ್ಚಿಸಿದ ಮೊಳೆ) ಕಡೆಯಿಂದ ತುದಿಯ ಕಡೆಗೆ ಮಾತ್ರ ಎಳೆಯಿರಿ. ಅಡ್ಡಕ್ಕೆ ಎಳೆದರೆ ರೀಡ್ ಪಕ್ಕಕ್ಕೆ ಸರಿದು ಗೋಡೆಗೆ ತಾಗುತ್ತದೆ.

4 ಎಳೆ ಎಲ್ಲರ ವಾದ್ಯದಲ್ಲೂ ಮೊದಲು ಹೋಗುವ ರೀಡ್‌ಗಳಲ್ಲೊಂದು, ಏಕೆಂದರೆ ಬ್ಲೂಸ್‌ನವರು ಅದರ ಮೇಲೇ ಬೀಳುತ್ತಾರೆ. ಅದು ಕೆಳಗಿನ ಪ್ಲೇಟಿನ ಹೊರಮುಖಕ್ಕಿದೆ, ಮುಚ್ಚಳ ತೆಗೆದರೆ ಸಾಕು. ಟ್ಯೂನರ್ ನೋಡಿ. ಸ್ವಲ್ಪ ಇಳಿದಿದ್ದರೆ ರೀಡಿನ ಕೆಳಗೆ ಕಾಗದವಿಟ್ಟು, ತುದಿಯನ್ನು ಚೂಪು ಮೊನೆಯಿಂದ ಎರಡೇ ಎರಡು ಸಲ ಕೆರೆಯಿರಿ, ಸ್ವರ ಏರುತ್ತದೆ. ಏರಿದ್ದು ಹೆಚ್ಚಾದರೆ ರಿವೆಟ್ ಬಳಿ ಕೆರೆದರೆ ಇಳಿಯುತ್ತದೆ. ಕೈಬಿಸಿಗೂ ಶ್ರುತಿ ಬದಲಾಗುತ್ತದೆ, ಒಂದು ನಿಮಿಷ ಬಿಟ್ಟು ನೋಡಿ. ಒಂದೇ ದಿನದಲ್ಲಿ ಅರ್ಧ ಸ್ವರವೋ ಅದಕ್ಕಿಂತ ಹೆಚ್ಚೋ ಕುಸಿದಿದ್ದರೆ ರೀಡ್ ಬಿರುಕು ಬಿಟ್ಟಿದೆ. ಕೆರೆದು ಉಪಯೋಗವಿಲ್ಲ, ರೀಡ್ ಪ್ಲೇಟ್ ಬದಲಿಸಿ.

ತುದಿಯ ಸಂದನ್ನೂ ಗಮನಿಸಿ. ರೀಡಿನ ತುದಿಯ ದಪ್ಪದಷ್ಟು ಸಂದು ಒಂದು ಅಂದಾಜು. ಕಿರಿದಾದರೆ ಜೋರಾಗಿ ನುಡಿಸಿದಾಗ ಸ್ವರ ಕಟ್ಟಿಕೊಳ್ಳುತ್ತದೆ. ಅಗಲವಾದರೆ ಉಸಿರು ತಿನ್ನುತ್ತದೆ, ಸ್ವರ ತಡವಾಗಿ ಏಳುತ್ತದೆ.

ಪ್ರಶ್ನೆ: ನಮ್ಮ ಗಿಟಾರಿಸ್ಟ್ ಎಲ್ಲವನ್ನೂ ಇ ಯಲ್ಲೇ ನುಡಿಸುತ್ತಾನೆ. ನನ್ನಲ್ಲಿರುವುದು ಸಿ. (ಚಿಂಚವಾಡ)

ಉತ್ತರ: ಎ ಕೊಳ್ಳಿ. ಹಾಡಿನ ಷಡ್ಜದ ಮಧ್ಯಮವೇ ಕ್ರಾಸ್ ಹಾರ್ಪಿನ ಕೀ: ಇ ಗೆ ಎ, ಎ ಗೆ ಡಿ, ಜಿ ಗೆ ಸಿ. ‘ಜೂಕ್’ ಕೂಡ ಇ ಶ್ರುತಿಯಲ್ಲಿದೆ, ಎ ಹಾರ್ಪಿನಲ್ಲಿ ನುಡಿಸಿದ್ದು. ಎ ಆದ ಮೇಲೆ ಡಿ, ಆಮೇಲೆ ಜಿ. ಅಷ್ಟರಲ್ಲಿ ಗಿಟಾರಿಸ್ಟ್‌ಗೂ ಬೇರೆ ಕೀ ಬಂದಿರಬಹುದು.